ಕಡೆತದ ಬಳಗ ಬೆಳೆದಾಗ: ನೋಡುವ ಜಾಗ ಬೇರೆ, ಮಾಡುವ ಜಾಗ ಬೇರೆ

ಪ್ರಶ್ನೆ: ಮಾನ್ಯರೆ, ಕಲಬುರಗಿಯಲ್ಲಿ ನಾಲ್ಕು ವರ್ಷಗಳ ಹಿಂದೆ ಆರು ಮಂದಿ ಸೇರಿ ಕಟ್ಟಿಗೆ ಕಡೆಯುವ, ಅಂದರೆ ಲೇಥ್ ಯಂತ್ರದಲ್ಲಿ ಕಟ್ಟಿಗೆಯನ್ನು ತಿರುಗಿಸಿ ಉಳಿಯಿಂದ ರೂಪ ಕೊಡುವ, ಹವ್ಯಾಸದ ಬಳಗವೊಂದನ್ನು ಆರಂಭಿಸಿದೆವು. ಈಗ 34 ಮಂದಿ ಇದ್ದೇವೆ. ಸದಸ್ಯರೊಬ್ಬರ ಕಟ್ಟಿಗೆ ಅಡ್ಡೆಯ ಹಿಂದಿನ 12×20 ಅಡಿಯ ಕೋಣೆಯಲ್ಲಿ ತಿಂಗಳ ಎರಡನೆಯ ಭಾನುವಾರ ಸೇರುತ್ತೇವೆ. ಅರ್ಧ ಮಂದಿ ಹೊರಗೆ ನಿಂತು ಇಣುಕಿ ನೋಡಬೇಕಾಗಿದೆ. ನಮ್ಮಲ್ಲಿ ಒಂದು ದೊಡ್ಡ ಲೇಥ್, ಎರಡು ಸಣ್ಣ ಲೇಥ್ ಇವೆ. ಪರಿಚಯದವರ ಕಲ್ಯಾಣ ಮಂಟಪವೊಂದರ ಸಭಾಂಗಣ ಮದುವೆ ಇಲ್ಲದ ಭಾನುವಾರ ಉಚಿತವಾಗಿ ಸಿಗುತ್ತದೆ. ಇನ್ನೊಂದು ಕಡೆ ಕಪನೂರ ಕೈಗಾರಿಕಾ ಪ್ರದೇಶದಲ್ಲಿ 20×40 ಅಡಿಯ ತಗಡಿನ ಶೆಡ್ಡು ಬಾಡಿಗೆಗೆ ಇದೆ. ಯಾವುದನ್ನು ಆರಿಸಿಕೊಳ್ಳಬೇಕು? ಬಳಗದ ಚಟುವಟಿಕೆಗಳನ್ನು ಹೇಗೆ ಬೆಳೆಸಬೇಕು?

ಉತ್ತರ: ಎರಡರಲ್ಲಿ ಒಂದನ್ನು ಆರಿಸಲು ಕೇಳಿದ್ದೀರಿ, ನನ್ನ ಸಲಹೆ ಎರಡನ್ನೂ ಬಳಸಿಕೊಳ್ಳಿ ಎಂಬುದು. ಸಭೆಗೆ ಮಂಟಪ, ಕೆಲಸಕ್ಕೆ ಶೆಡ್ಡಿನ ಒಂದು ಭಾಗ. ಬೆಳೆಯುತ್ತಿರುವ ಕಡೆತದ ಬಳಗಗಳು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ, ಮೂವತ್ತು ಮಂದಿ ಕೂಡುವ ದಿನವನ್ನು ಕಣ್ಣ ಮುಂದೆ ಇಟ್ಟುಕೊಂಡು ಜಾಗವನ್ನು ಅಳೆಯುವುದು. ಆ ದಿನ ತಿಂಗಳಿಗೆ ಒಮ್ಮೆ ಬರುತ್ತದೆ. ಮೂರು ತಾಸಿನ ಸಭೆ ವರ್ಷಕ್ಕೆ ಹನ್ನೆರಡು ಸಲ ಎಂದರೆ 36 ತಾಸು. ಆ 36 ತಾಸಿನಲ್ಲಿಯೂ ಉಳಿ ಹಿಡಿದಿರುವವರು ಒಬ್ಬರೇ, ಉಳಿದವರೆಲ್ಲ ನೋಡುಗರು. ಅದರ ಬದಲು ನಿಮ್ಮ ಮೂರರ ಜೊತೆ ಇನ್ನೊಂದನ್ನು ಸೇರಿಸಿ ನಾಲ್ಕು ಲೇಥ್ ಇರುವ ಕೋಣೆಯನ್ನು ವಾರಕ್ಕೆ ಎರಡು ಸಂಜೆ ಮೂರು ಮೂರು ತಾಸು ತೆರೆದಿಟ್ಟರೆ, ಹಬ್ಬ ಹುಣ್ಣಿಮೆಯ ರಜೆ ಕಳೆದು ಐವತ್ತು ವಾರಕ್ಕೆ 300 ತಾಸು, ನಾಲ್ಕು ಯಂತ್ರದ ಮೇಲೆ 1200 ತಾಸು ಕೆಲಸವಾಗುತ್ತದೆ. ನಿಮ್ಮ 34 ಮಂದಿಗೆ ಹಂಚಿದರೆ ತಲೆಗೆ 35 ತಾಸು. ಕಡೆತ ಕೈಗೆ ಹತ್ತುವ ವಿದ್ಯೆ, ಕಣ್ಣಿನಿಂದ ಬರುವುದಲ್ಲ. ಈ ಎರಡು ಲೆಕ್ಕಗಳ ನಡುವಿನ ಅಂತರವೇ ಬಳಗದಲ್ಲಿ ಕಡೆಯುವವರು ಹೆಚ್ಚುತ್ತಾರೋ ನೋಡುಗರು ಹೆಚ್ಚುತ್ತಾರೋ ಎಂಬುದನ್ನು ನಿರ್ಧರಿಸುತ್ತದೆ.

ಮೊದಲು ಶೆಡ್ಡಿನ ಅಳತೆ ನೋಡೋಣ. ಒಂದು ದೊಡ್ಡ ಲೇಥ್, ಅದರ ಮುಂದೆ ನಿಲ್ಲುವವರ ಜಾಗ, ಪಕ್ಕದಲ್ಲಿ ನಿಂತು ಹೇಳಿಕೊಡುವವರ ಜಾಗ ಸೇರಿ 6×7 ಅಡಿ, ಅಂದರೆ 42 ಚದರ ಅಡಿ ಬೇಕು, ನಾಲ್ಕಕ್ಕೆ 168. ಸಾಣೆ ಯಂತ್ರ ಮತ್ತು ಬ್ಯಾಂಡ್ ಸಾ (ಪಟ್ಟಿ ಗರಗಸದ ಯಂತ್ರ) ಸೇರಿ ಸುಮಾರು 100, ಕಟ್ಟಿಗೆಯ ಅಟ್ಟಕ್ಕೆ 60, ಎಣ್ಣೆ ಹಚ್ಚಿ ಒಣಗಿಸುವ ಮೇಜಿಗೆ ಮತ್ತು ಕಪಾಟಿಗೆ 50, ನಡುವೆ ಮೂರು ಅಡಿ ಅಗಲದ ಓಡಾಟದ ದಾರಿ. ಎಲ್ಲ ಸೇರಿಸಿ 20×25 ಅಡಿಯಲ್ಲಿ, ಅಂದರೆ 500 ಚದರ ಅಡಿಯಲ್ಲಿ, ಒಳ್ಳೆಯ ಕಾರ್ಯಾಗಾರ ಕೂಡುತ್ತದೆ. ಉಳಿಯುವುದು 20×15 ಅಡಿ, 300 ಚದರ ಅಡಿ. ಕುರ್ಚಿ ಹಾಕಿ ಕೂತವರಿಗೆ ತಲೆಗೆ 8 ಚದರ ಅಡಿ ಹಿಡಿದರೂ 34 ಮಂದಿಗೆ 272 ಆಯಿತು. ಪ್ರಾತ್ಯಕ್ಷಿಕೆಯ ಲೇಥ್ ಇಡಲು ಜಾಗವೇ ಉಳಿಯಲಿಲ್ಲ. ಆದ್ದರಿಂದ ಇಡೀ ಶೆಡ್ಡು ಹಿಡಿದರೂ ಅದರಲ್ಲಿ ಸಭೆ ಸರಿಯಾಗಿ ನಡೆಯದು, ಬಾಡಿಗೆ ಮಾತ್ರ ಪೂರ್ತಿ ಕೊಡಬೇಕಾಗುತ್ತದೆ. ಮಾಲೀಕರು ನಡುವೆ ಗೋಡೆ ಎತ್ತಿ 25 ಅಡಿಯಷ್ಟನ್ನೇ ಕೊಡುತ್ತಾರೆಯೇ ಎಂದು ಕೇಳಿ. ಅವರು ಒಪ್ಪದಿದ್ದರೆ ಉಳಿದ ಭಾಗಕ್ಕೆ ಒಬ್ಬ ಬಡಗಿಯನ್ನೋ ಪೀಠೋಪಕರಣ ಮಾಡುವವರನ್ನೋ ಜೊತೆಗಾರರನ್ನಾಗಿ ಹುಡುಕಿಕೊಳ್ಳಿ. ಅಂಥ ನೆರೆ ಬಳಗಕ್ಕೆ ಲಾಭವೇ, ಏಕೆಂದರೆ ಬಡಗಿಯ ಅಂಗಡಿಯಲ್ಲಿ ಉಳಿಯುವ ಸಾಗವಾನಿ ತುಂಡುಗಳು ನಿಮ್ಮ ಹೊಸಬರಿಗೆ ವರ್ಷಪೂರ್ತಿ ಸಾಮಗ್ರಿಯಾಗುತ್ತವೆ.

ಯಂತ್ರಗಳನ್ನು ಸಾಲಾಗಿ ಒಂದರ ಹಿಂದೆ ಒಂದು ನಿಲ್ಲಿಸಬೇಡಿ. ಕಟ್ಟಿಗೆ ಒಡೆದು ಹಾರಿದರೆ ಅದು ತಿರುಗುವ ಸಮತಲದಲ್ಲಿಯೇ, ಅಂದರೆ ಅಕ್ಷಕ್ಕೆ ಅಡ್ಡವಾಗಿ, ಹಾರುತ್ತದೆ. ಪ್ರತಿ ಲೇಥ್ ಅನ್ನು ಗೋಡೆಗೆ ಸ್ವಲ್ಪ ಓರೆಯಾಗಿ, ಮೀನಿನ ಹುರುಪೆಯಂತೆ ಇಟ್ಟರೆ ಒಬ್ಬರ ಯಂತ್ರದ ಎದುರಿಗೆ ಇನ್ನೊಬ್ಬರ ಮುಖ ಬರುವುದಿಲ್ಲ. ಅಕ್ಷದ ಎತ್ತರ ನಿಂತವರ ಮೊಣಕೈ ಮಟ್ಟಕ್ಕೆ ಇರಬೇಕು. ಎತ್ತರದ ಸದಸ್ಯರಿಗೆ ಹೊಂದುವಂತೆ ಯಂತ್ರವನ್ನು ನಿಲ್ಲಿಸಿ, ಗಿಡ್ಡ ಇರುವವರಿಗೆ ಮೂರು ಅಂಗುಲದ ಮರದ ಮಣೆ ಕೊಡಿ. ಬೆನ್ನು ಬಗ್ಗಿಸಿ ಎರಡು ತಾಸು ನಿಂತವರು ಮುಂದಿನ ವಾರ ಬರುವುದಿಲ್ಲ.

ನೆಲದ ವಿಷಯದಲ್ಲಿ ನಮ್ಮ ಭಾಗಕ್ಕೆ ವಿಶೇಷವಾದ ಎರಡು ಸಂಗತಿಗಳಿವೆ. ಇಲ್ಲಿಯ ಬಹುತೇಕ ಶೆಡ್ಡುಗಳಿಗೆ ಶಹಾಬಾದ ಫರಸಿ ಹಾಸಿರುತ್ತಾರೆ. ಫರಸಿ ಪದರು ಪದರಾದ ಸುಣ್ಣದ ಕಲ್ಲು. ಅದರಲ್ಲಿ ನೇರವಾಗಿ ರಂಧ್ರ ಕೊರೆದು ಬೋಲ್ಟ್ ಬಿಗಿದರೆ ಲೇಥ್ ನಡುಗಿದಂತೆಲ್ಲ ಕಲ್ಲು ಪದರು ಬಿಡುತ್ತದೆ, ಬೋಲ್ಟ್ ಸಡಿಲಾಗುತ್ತದೆ. ದೊಡ್ಡ ಲೇಥ್ ನಿಲ್ಲುವ ಜಾಗದಲ್ಲಿ ಎರಡು ಫರಸಿ ಎತ್ತಿ ಕಾಂಕ್ರೀಟಿನ ದಿಂಡು ಹಾಕಿಸಿ. ಎರಡನೆಯದು ಎರಿ ಮಣ್ಣು. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ಈ ಮಣ್ಣಿನ ಮೇಲೆ ಹಗುರ ಅಡಿಪಾಯದ ಶೆಡ್ಡುಗಳ ನೆಲ ಏರಿಳಿಯುತ್ತಲೇ ಇರುತ್ತದೆ. ಮಳೆಗಾಲ ಮುಗಿದ ಮೇಲೆ ಒಮ್ಮೆ, ಬೇಸಿಗೆಯ ನಡುವೆ ಒಮ್ಮೆ ಸ್ಪಿರಿಟ್ ಲೆವಲ್ ಇಟ್ಟು ಲೇಥ್‌ಗಳ ಮಟ್ಟ ನೋಡುವ ಕೆಲಸವನ್ನು ಒಬ್ಬ ಸದಸ್ಯರಿಗೆ ವಹಿಸಿ.

ವಿದ್ಯುತ್ತಿನಲ್ಲಿ ಉಳಿತಾಯಕ್ಕೆ ಹೋಗಬೇಡಿ. ಒಂದು ಅಶ್ವಶಕ್ತಿಯ ಮೋಟಾರು 746 ವಾಟ್ ಕೆಲಸ ಕೊಡುತ್ತದೆ, ಆದರೆ ಎಳೆಯುವುದು ಸುಮಾರು ಒಂದು ಕಿಲೋವಾಟ್. ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು. ನಾಲ್ಕು ಲೇಥ್, ಒಂದು ಧೂಳು ಹೀರುವ ಯಂತ್ರ, ಸಾಣೆ, ಫ್ಯಾನು, ದೀಪ ಎಲ್ಲ ಕೂಡಿ 7 ಕಿಲೋವಾಟ್ ಸಮೀಪಕ್ಕೆ ಬರುತ್ತದೆ. ಆ ಶೆಡ್ಡಿಗೆ ವಿದ್ಯುತ್ ಕಂಪನಿ ಜೆಸ್ಕಾಂ ಮಂಜೂರು ಮಾಡಿದ ಲೋಡು ಎಷ್ಟು ಎಂಬುದನ್ನು ಹಳೆಯ ಬಿಲ್ಲಿನಲ್ಲಿ ನೋಡಿ, ಕಡಿಮೆ ಇದ್ದರೆ ಹೆಚ್ಚಿಸಿಕೊಡುವ ಹೊಣೆ ಯಾರದು ಎಂಬುದನ್ನು ಬಾಡಿಗೆ ಕರಾರಿನಲ್ಲಿಯೇ ಬರೆಸಿ. ಪ್ರತಿ ಲೇಥ್‌ಗೆ ಬೇರೆ 16 ಆಂಪಿಯರ್ ಸಾಕೆಟ್, ಸರಿಯಾದ ಅರ್ಥಿಂಗ್, ವಿದ್ಯುತ್ ಸೋರಿದರೆ ತಾನೇ ಸಂಪರ್ಕ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇರಲೇಬೇಕು. ಉದ್ದದ ಎಕ್ಸ್‌ಟೆನ್ಶನ್ ವೈರಿನಿಂದ ಲೇಥ್ ಓಡಿಸಿದರೆ ವೋಲ್ಟೇಜ್ ಇಳಿದು ಮೋಟಾರು ಬಿಸಿಯಾಗುತ್ತದೆ, ಕಾಲಿಗೂ ತೊಡಕಾಗುತ್ತದೆ.

ಧೂಳಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಕಟ್ಟಿಗೆ ಧೂಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾಗಿರುವ ವಸ್ತುಗಳ ಮೊದಲ ಗುಂಪಿನಲ್ಲಿಯೇ ಇರಿಸಿದೆ; ಮುಖ್ಯವಾಗಿ ಮೂಗಿನ ಒಳಭಾಗದ ಕ್ಯಾನ್ಸರು. ಉಳಿಯಿಂದ ಹಾರುವ ಸುರುಳಿ ನೋಡಲು ದೊಡ್ಡದು, ಅಪಾಯ ಚಿಕ್ಕದು. ಸ್ಯಾಂಡ್ ಪೇಪರ್ ತಿಕ್ಕುವಾಗ ಏಳುವ, ಕಣ್ಣಿಗೆ ಕಾಣದ ಹುಡಿಯೇ ಎದೆಯೊಳಗೆ ಇಳಿಯುವುದು. ಆದ್ದರಿಂದ ತಿಕ್ಕುವ ಕೆಲಸಕ್ಕೆ ಒಂದೇ ಲೇಥ್ ಗೊತ್ತು ಮಾಡಿ, ಧೂಳು ಹೀರುವ ಕೊಳವೆಯ ಬಾಯಿಯನ್ನು ಕಟ್ಟಿಗೆಯ ಹಿಂದೆ ಒಂದು ಗೇಣು ದೂರದಲ್ಲಿ ನಿಲ್ಲಿಸಿ, ತಿಕ್ಕುವವರು ಎನ್95 ಮುಖಗವಸು ಹಾಕದೆ ಯಂತ್ರ ಶುರು ಮಾಡಬಾರದು ಎಂದು ನಿಯಮ ಮಾಡಿ. ಬಾಯಿಗೆ ಕಟ್ಟಿಕೊಳ್ಳುವ ಟವೆಲ್ಲು ಇದಕ್ಕೆ ಸಾಲದು.

ಬೆಂಕಿಯ ವಿಷಯವನ್ನು ನಾನು ಕಣ್ಣಾರೆ ಕಂಡದ್ದರಿಂದ ಹೇಳುತ್ತೇನೆ. ಹಲವು ವರ್ಷಗಳ ಹಿಂದೆ ನಾನು ಕಲಿಸುತ್ತಿದ್ದ ಒಂದು ಕಾರ್ಯಾಗಾರದಲ್ಲಿ ಮೇ ತಿಂಗಳ ಸಂಜೆ ಬಟ್ಟಲುಗಳಿಗೆ ಅಗಸಿ ಎಣ್ಣೆ ಹಚ್ಚಿದ ಅರಿವೆಗಳನ್ನು ಮುದ್ದೆ ಮಾಡಿ ಕಟ್ಟಿಗೆ ಸುರುಳಿಯ ಬುಟ್ಟಿಗೆ ಎಸೆದು ಬಾಗಿಲು ಹಾಕಿಕೊಂಡು ಹೋದೆವು. ಮರೆತ ಕನ್ನಡಕಕ್ಕಾಗಿ ಎರಡು ತಾಸಿನ ನಂತರ ನಾನು ಹಿಂತಿರುಗಿದೆ. ಬಾಗಿಲು ತೆರೆದಾಗ ಹೊಗೆ ಕಾಣಲಿಲ್ಲ, ಹುರಿದ ಅಗಸಿಯ ವಾಸನೆ ಬಂತು. ರೊಟ್ಟಿಯ ಜೊತೆ ನೆಂಚಿಕೊಳ್ಳಲು ಅಗಸಿ ಹಿಂಡಿ ಮಾಡುವ ಮನೆಯ ವಾಸನೆಯೇ. ಬುಟ್ಟಿಯೊಳಗೆ ಕೈ ಹಾಕಿದೆ. ಅರಿವೆಯ ಮುದ್ದೆ ಹಿಡಿಯಲಾರದಷ್ಟು ಕಾದಿತ್ತು, ಬಿಡಿಸಿದಾಗ ನಡುಭಾಗ ಕಂದಿ ಕರಿಯಾಗಿತ್ತು. ಅಗಸಿ ಎಣ್ಣೆ ಒಣಗುವುದೆಂದರೆ ಗಾಳಿಯ ಆಮ್ಲಜನಕದೊಡನೆ ಕೂಡುವುದು, ಕೂಡುವಾಗ ಶಾಖ ಹುಟ್ಟುತ್ತದೆ, ಮುದ್ದೆಯಲ್ಲಿ ಆ ಶಾಖ ಹೊರಗೆ ಹೋಗಲಾರದೆ ತಾನೇ ಉರಿಯುವ ಮಟ್ಟಕ್ಕೆ ಏರುತ್ತದೆ. ನಮ್ಮಲ್ಲಿ ಬೆಳೆಯುವ ಕುಸುಬಿಯ ಎಣ್ಣೆಗೂ ಈ ಗುಣ ಸ್ವಲ್ಪ ಇದೆ. ಎಣ್ಣೆಯ ಅರಿವೆಗಳನ್ನು ಬಿಡಿಸಿ ಹೊರಗೆ ತಂತಿಯ ಮೇಲೆ ಒಂದೊಂದಾಗಿ ಹರವಬೇಕು, ಇಲ್ಲವೇ ನೀರು ತುಂಬಿದ ಮುಚ್ಚಳದ ಡಬ್ಬಿಯಲ್ಲಿ ಮುಳುಗಿಸಬೇಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಊರಿನಲ್ಲಿ, ತಗಡಿನ ಕೆಳಗೆ, ಇದನ್ನು ಒಂದು ದಿನವೂ ಮರೆಯುವಂತಿಲ್ಲ. ಸುರುಳಿಯ ಚೀಲಗಳನ್ನು ಪ್ರತಿ ಸಂಜೆ ಹೊರಗೆ ಸಾಗಿಸಿ. ಬಾಗಿಲ ಬಳಿ ಬೆಂಕಿ ನಂದಿಸುವ ಸಿಲಿಂಡರ್ ತೂಗುಹಾಕಿ.

ಬಿಸಿಲು ನಿಮ್ಮ ವೇಳಾಪಟ್ಟಿಯನ್ನೂ ನಿರ್ಧರಿಸುತ್ತದೆ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಕಾರ್ಯಾಗಾರವನ್ನು ಬೆಳಗಿನ ಏಳರಿಂದ ಹತ್ತರವರೆಗೆ ತೆರೆಯಿರಿ. ಆ ಎರಡು ತಿಂಗಳು ಮದುವೆಯ ಸುಗ್ಗಿಯಾದ್ದರಿಂದ ಮಂಟಪವೂ ಸಿಗಲಾರದು. ತಿಂಗಳ ಸಭೆಯನ್ನು ಆಗ ಮೂರು ಚಿಕ್ಕ ಗುಂಪುಗಳಾಗಿ ಕಾರ್ಯಾಗಾರದಲ್ಲಿಯೇ ನಡೆಸಿ. ಆಷಾಢದಲ್ಲಿ ಮಂಟಪ ಖಾಲಿ ಬೀಳುತ್ತದೆ, ದೊಡ್ಡ ಕಾರ್ಯಕ್ರಮಗಳನ್ನು ಆ ತಿಂಗಳಿಗೆ ಇಟ್ಟುಕೊಳ್ಳಿ.

ಇನ್ನು ಮಂಟಪದಲ್ಲಿ ಸಭೆ ನಡೆಸುವ ಬಗೆ. ಸಣ್ಣ ಲೇಥ್ ಅನ್ನು ಇಬ್ಬರು ಎತ್ತಿ ಒಯ್ಯಬಹುದು. ಕೆಳಗೆ ದೊಡ್ಡ ತಾಡಪತ್ರಿ ಹಾಸಿ. ಮುಗಿದ ಮೇಲೆ ನಾಲ್ಕು ಮೂಲೆ ಹಿಡಿದು ಮಡಿಚಿದರೆ ಸುರುಳಿಯೆಲ್ಲ ಅದರೊಳಗೇ ಬರುತ್ತದೆ. ಪುಕ್ಕಟೆ ಸಿಕ್ಕ ಜಾಗವನ್ನು ಬಳಗಗಳು ಕಳೆದುಕೊಳ್ಳುವುದು ಹೆಚ್ಚಾಗಿ ಕಸದ ಕಾರಣಕ್ಕೆ, ಅದರಲ್ಲೂ ಮೋರಿಗೆ ಹೋಗಿ ಕಟ್ಟಿಕೊಂಡ ಹೊಟ್ಟಿನ ಕಾರಣಕ್ಕೆ. ಅಲ್ಲಿ ಹಸಿ ಕಟ್ಟಿಗೆಯನ್ನು ಮಾತ್ರ ಕಡೆಯಿರಿ. ಹಸಿ ಬೇವು ಅಥವಾ ಹಸಿ ಮಾವು ಉಳಿಗೆ ಉದ್ದುದ್ದ ಒದ್ದೆ ಸುರುಳಿಯಾಗಿ ಬರುತ್ತದೆ, ಧೂಳು ಏಳುವುದಿಲ್ಲ. ಸ್ಯಾಂಡ್ ಪೇಪರ್ ಸಭಾಂಗಣದೊಳಗೆ ಬರಲೇಬಾರದು. ಲೇಥ್ ಮತ್ತು ಮೊದಲ ಸಾಲಿನ ನಡುವೆ ದಪ್ಪನೆಯ ಪಾಲಿಕಾರ್ಬೊನೇಟ್ ಹಾಳೆಯ ಪರದೆ ನಿಲ್ಲಿಸಿ, ಗಾಜು ಬೇಡ. ಉಳಿಯ ತುದಿ ಮೂರನೆಯ ಸಾಲಿನ ಆಚೆ ಯಾರಿಗೂ ಕಾಣುವುದಿಲ್ಲ, ಕಾಣದ ಪ್ರಾತ್ಯಕ್ಷಿಕೆಯಲ್ಲಿ ಹರಟೆ ಹುಟ್ಟುತ್ತದೆ. ಒಂದು ಮೊಬೈಲನ್ನು ಮೇಲಿನಿಂದ, ಇನ್ನೊಂದನ್ನು ಪಕ್ಕದಿಂದ ಸ್ಟ್ಯಾಂಡಿಗೆ ಕಟ್ಟಿ ದೊಡ್ಡ ಟಿವಿಗೆ ಜೋಡಿಸಿದರೆ ಹೊಸ ಖರ್ಚಿಲ್ಲದೆ ಎಲ್ಲರಿಗೂ ಕಾಣುತ್ತದೆ.

ಸಭೆಯಲ್ಲಿ ಏನು ನಡೆಯಬೇಕು? ಅಮೆರಿಕದ ಕಡೆತಗಾರರ ಸಂಘ 1986ರಲ್ಲಿ ಆರಂಭವಾದದ್ದು. ಅದರ ಊರೂರಿನ ಶಾಖೆಗಳು ಪಾಲಿಸುವ ಕ್ರಮ ಸರಳವಾಗಿದೆ: ಕಾರ್ಯಕಲಾಪದ ನಾಲ್ಕು ಮಾತು, ಸದಸ್ಯರು ಮಾಡಿ ತಂದ ವಸ್ತುಗಳ ಮೇಜು, ಒಂದು ಪ್ರಾತ್ಯಕ್ಷಿಕೆ, ಕೊನೆಗೆ ಚೀಟಿ ಎತ್ತಿ ಕಟ್ಟಿಗೆ ತುಂಡು ಹಂಚುವುದು. ಇದರಲ್ಲಿ ನನಗೆ ಅತಿ ಮುಖ್ಯವೆನಿಸುವುದು ಆ ಮೇಜು. ಪ್ರತಿಯೊಬ್ಬರೂ ಆ ತಿಂಗಳು ಮಾಡಿದ ಒಂದನ್ನು ತರಲಿ, ಕೆಟ್ಟದ್ದನ್ನೂ ತರಲಿ. ಲಟ್ಟಣಿಗೆಯೊಂದು ಕೈಯಿಂದ ಕೈಗೆ ಸಾಗುವಾಗ ಅನುಭವಿಗಳು ಅದನ್ನು ಕಣ್ಣಿನಿಂದ ನೋಡುವ ಮೊದಲೇ ಬೆರಳಿನಿಂದ ನೋಡುತ್ತಾರೆ: ಹೆಬ್ಬೆರಳು ನಡುವಿನಿಂದ ತುದಿಗೆ ಜಾರುತ್ತ ಒಂದು ಕಡೆ ನಿಲ್ಲುತ್ತದೆ, ಅಲ್ಲಿಯೇ ಒಂದು ಕೂದಲಿನಷ್ಟು ತಗ್ಗು ಇರುತ್ತದೆ. ಮಾಡಿದವರ ಬೆರಳನ್ನೂ ಅದೇ ಜಾಗದಲ್ಲಿ ಇಡಿಸಿದರೆ ಮುಂದೆ ಅವರು ಅದನ್ನು ಎಂದಿಗೂ ಮರೆಯುವುದಿಲ್ಲ.

ಹೊಸಬರಿಗೆ ಪ್ರತ್ಯೇಕ ಪಾಠ ಬೇಕು. ಇಬ್ಬರಿಗೆ ಒಬ್ಬ ಗುರು, ಅದಕ್ಕಿಂತ ಹೆಚ್ಚು ಬೇಡ. ಮೊದಲ ಕೆಲಸ ಬುಗುರಿ, ಎರಡನೆಯದು ಲಟ್ಟಣಿಗೆ, ಮೂರನೆಯದು ಕಡಗೋಲಿನ ಹಿಡಿ, ಬಟ್ಟಲು ಆಮೇಲೆ. ಕಂಬದಂಥ ಉದ್ದ ಕಟ್ಟಿಗೆಯನ್ನು ದುಂಡಗೆ ಮಾಡುವ ಅಗಲದ ರಫಿಂಗ್ ಗೌಜ್ ಉಳಿಯನ್ನು ಬಟ್ಟಲಿಗೆ ಹಚ್ಚಬಾರದೆಂಬುದನ್ನು ಮೊದಲ ದಿನವೇ ಹೇಳಿ, ಏಕೆಂದರೆ ಬಟ್ಟಲಿನಲ್ಲಿ ಅಡ್ಡ ನಾರು ಉಳಿಯನ್ನು ಹಿಡಿದು ಎಳೆದಾಗ ಹಿಡಿಯೊಳಗಿನ ಅದರ ತೆಳು ಬಾಲ ಮುರಿಯುತ್ತದೆ. ವೇಗದ ಲೆಕ್ಕವನ್ನು ಗೋಡೆಗೆ ದೊಡ್ಡದಾಗಿ ಬರೆಸಿ: ಅಂಗುಲದಲ್ಲಿ ವ್ಯಾಸ ಮತ್ತು ನಿಮಿಷದ ಸುತ್ತು, ಇವೆರಡರ ಗುಣಲಬ್ಧ 6000ದಿಂದ 9000ದ ಒಳಗೆ ಇರಬೇಕು. 10 ಅಂಗುಲದ ಬಟ್ಟಲಿಗೆ 600ರಿಂದ 900 ಸುತ್ತು. ಸಮತೂಕ ಇಲ್ಲದ ಹಸಿ ದಿಮ್ಮಿಗೆ ಅದಕ್ಕಿಂತಲೂ ನಿಧಾನ. ಪೂರ್ತಿ ಮುಖ ಮುಚ್ಚುವ, ಗಾಜಿನ ಬದಲು ಪಾರದರ್ಶಕ ಪ್ಲಾಸ್ಟಿಕ್ಕಿನ ಕವಚ ಕಡ್ಡಾಯ, ಕೈಗವಸು ನಿಷಿದ್ಧ. ಸೆರಗು, ದುಪಟ್ಟಾ, ಸಡಿಲ ತೋಳು, ಬಳೆ, ಕೊರಳಿನ ಸರ, ಶಿವದಾರ, ಎಲ್ಲವನ್ನೂ ಅಂಗಿಯ ಒಳಗೆ ಸೇರಿಸಿ ಏಪ್ರನ್ ಕಟ್ಟಿಕೊಂಡ ಮೇಲೆಯೇ ಸ್ವಿಚ್ಚು ಒತ್ತಬೇಕು. ಇದನ್ನು ಹೇಳಲು ಸಂಕೋಚ ಪಡಬೇಡಿ. ಹಿರಿಯರಿಗೂ ಹೇಳಿ, ಗೌರವದಿಂದಲೇ ಹೇಳಿ.

ಎರಡು ತಿಂಗಳಿಗೊಮ್ಮೆ ಸಾಣೆಯ ದಿನ ಇಟ್ಟುಕೊಳ್ಳಿ. ಕಡೆತ ಬಿಟ್ಟು ಹೋದವರನ್ನು ಕೇಳಿದರೆ ಹೆಚ್ಚಿನವರು ಹೇಳುವುದು ಉಳಿ ಸಿಕ್ಕಿಬೀಳುತ್ತದೆ, ಹೆದರಿಕೆಯಾಗುತ್ತದೆ ಎಂದು. ಮೊಂಡು ಉಳಿಯನ್ನು ಒತ್ತಿ ಹಿಡಿದದ್ದೇ ಅದಕ್ಕೆ ಕಾರಣವಾಗಿರುತ್ತದೆ. ಹಳೆಯ ಕಾರ್ಬನ್ ಉಕ್ಕಿನ ಉಳಿ ಸಾಣೆಯಲ್ಲಿ ನೀಲಿ ಬಣ್ಣಕ್ಕೆ ತಿರುಗಿದರೆ ಅದರ ಹದ ಹೋಯಿತೆಂದು ತಿಳಿಯಿರಿ, ಹೈಸ್ಪೀಡ್ ಉಕ್ಕು ಅಷ್ಟು ಬೇಗ ಹದಗೆಡುವುದಿಲ್ಲ.

ಕಟ್ಟಿಗೆಗಾಗಿ ದೂರ ಹೋಗಬೇಕಿಲ್ಲ. ಬದುವಿನ ಜಾಲಿ, ಬೇವು, ಹುಣಸೆ, ಗಾಳಿಗೆ ಬಿದ್ದ ಬಾಗೆ ಮರ, ಹಣ್ಣಿನ ತೋಟದ ಹಳೆಯ ಮಾವು, ಎಲ್ಲವೂ ಚೆನ್ನಾಗಿ ಕಡೆಯಲು ಬರುತ್ತವೆ. ನಿಂತ ಮರವನ್ನು ಕಡಿಸುವುದಾದರೆ ಮಾತ್ರ 1976ರ ಕರ್ನಾಟಕ ಮರಗಳ ಸಂರಕ್ಷಣಾ ಅಧಿನಿಯಮದ ಪ್ರಕಾರ ಅನುಮತಿಯ ವಿಚಾರವನ್ನು ಅರಣ್ಯ ಇಲಾಖೆಯಲ್ಲಿ ಮೊದಲೇ ಕೇಳಿಕೊಳ್ಳಿ. ಇಲ್ಲಿಯ ಒಣ ಗಾಳಿ ಹಸಿ ದಿಮ್ಮಿಯ ತುದಿಯನ್ನು ಬಲು ಬೇಗ ಸೀಳಿಬಿಡುತ್ತದೆ. ಕೊಯ್ದ ದಿನವೇ ಎರಡೂ ತುದಿಗೆ ಕರಗಿಸಿದ ಮೇಣ ಬಳಿಯಿರಿ. ಬಟ್ಟಲನ್ನು ಹಸಿಯಿರುವಾಗಲೇ ವ್ಯಾಸದ ಹತ್ತನೆಯ ಒಂದು ಭಾಗದಷ್ಟು ದಪ್ಪ ಉಳಿಸಿ ಒರಟಾಗಿ ಕಡೆದು, ಅದರದೇ ಸುರುಳಿಯೊಡನೆ ಕಾಗದದ ಚೀಲದಲ್ಲಿ ಹಾಕಿ, ಉತ್ತರದ ಗೋಡೆಯ ಬುಡದಲ್ಲಿ, ಅಟ್ಟದ ಕೆಳಗೆ ಇಡಿ. ಕೆಲವು ತಿಂಗಳ ನಂತರ ಸೊಟ್ಟಗಾಗಿ ಒಣಗಿದ್ದನ್ನು ಮತ್ತೆ ದುಂಡಗೆ ಕಡೆಯಬಹುದು. ಕಾರ್ಯಾಗಾರ ಕಾಯಂ ಆಗಿರಬೇಕು ಎಂದು ನಾನು ಒತ್ತಿ ಹೇಳಲು ಇದೂ ಒಂದು ಕಾರಣ. ತಿಂಗಳಿಗೊಮ್ಮೆ ಸೇರಿ ಕದ ಹಾಕುವ ಬಳಗಕ್ಕೆ ಒಣಗಲು ಇಟ್ಟ ಬಟ್ಟಲುಗಳ ಸಾಲು ಇರುವುದಿಲ್ಲ.

ವರ್ಷಕ್ಕೆ ಒಂದೆರಡು ಪ್ರವಾಸ ಇರಲಿ. ಕಲಬುರಗಿ–ಬೀದರ ರೈಲು 2017ರಿಂದ ಓಡುತ್ತಿರುವುದರಿಂದ ಬೀದರಿಗೆ ಹೋಗುವುದು ಸುಲಭವಾಗಿದೆ. ಬಿದರಿ ಪಾತ್ರೆಗಳ ಕರಿ ಬಣ್ಣ ಮತ್ತು ಬೆಳ್ಳಿಯ ಕುಸುರಿಯನ್ನು ಎಲ್ಲರೂ ಬಲ್ಲರು; ಸತು ಮತ್ತು ತಾಮ್ರದ ಎರಕವನ್ನು ನಯಗೊಳಿಸಲು ಚರಕಿಗೆ (ಅವರ ಲೇಥ್) ಹಾಕಿ ಕಡೆಯುತ್ತಾರೆ ಎಂಬುದನ್ನು ಗಮನಿಸಿದವರು ಕಡಿಮೆ. ಲೋಹದ ಮೈ ಮೇಲೆ ಹತಾರವನ್ನು ಅವರು ಹಿಡಿಯುವ ಕೋನವನ್ನು ನಿಮ್ಮ ಸದಸ್ಯರು ಹತ್ತಿರದಿಂದ ನೋಡಲಿ. ಚನ್ನಪಟ್ಟಣಕ್ಕೆ ರಾತ್ರಿ ಪ್ರಯಾಣ ಬೇಕು, ಆದರೂ ಒಮ್ಮೆ ಹೋಗಲೇಬೇಕು: ತಿರುಗುತ್ತಿರುವ ಆಲೆ ಮರದ ಆಟಿಕೆಗೆ ಅರಗಿನ ಕಡ್ಡಿ ಒತ್ತಿದಾಗ ತಿಕ್ಕಾಟದ ಬಿಸಿಗೇ ಬಣ್ಣ ಕರಗಿ ಹರಡುವುದನ್ನು ಕಂಡವರು ಮುಂದೆ ಆಟಿಕೆಗೆ ಪೇಂಟು ಹಚ್ಚಲು ಮನಸ್ಸು ಮಾಡುವುದಿಲ್ಲ. ಇವೆರಡಕ್ಕಿಂತ ಮೊದಲು ನಿಮ್ಮ ಊರಿನಲ್ಲಿಯೇ ತೊಟ್ಟಿಲಿನ ಕಂಬ, ಮಂಚದ ಕಾಲು ಕಡೆದು ಬದುಕಿದ ಹಿರಿಯ ಬಡಗಿಗಳನ್ನು ಹುಡುಕಿ, ಸಭೆಗೆ ಕರೆದು, ಗೌರವಧನ ಕೊಟ್ಟು, ಅವರು ಅಳತೆಪಟ್ಟಿಯಿಲ್ಲದೆ ನಾಲ್ಕು ಕಾಲುಗಳನ್ನು ಒಂದೇ ತರಹ ಮಾಡುವ ರೀತಿಯನ್ನು ಚಿತ್ರೀಕರಿಸಿಕೊಳ್ಳಿ. ಹವ್ಯಾಸಿಗಳ ಬಳಗವೊಂದು ಕಸುಬುದಾರರ ಋಣವನ್ನು ಒಪ್ಪಿಕೊಳ್ಳುವ ಸರಿಯಾದ ದಾರಿ ಇದೆಂದು ನಾನು ನಂಬಿದ್ದೇನೆ.

ಬಾಡಿಗೆ ಕರಾರು, ಬ್ಯಾಂಕ್ ಖಾತೆ, ವಿದ್ಯುತ್ ಬಿಲ್ಲು ಒಬ್ಬರ ಹೆಸರಿನಲ್ಲಿದ್ದರೆ ಅವರ ಮನೆಗೆ ಭಾರ, ಬಳಗಕ್ಕೆ ಅಪಾಯ. 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದಡಿ ಏಳು ಮಂದಿ ಇದ್ದರೆ ಸಂಘ ನೋಂದಾಯಿಸಬಹುದು. ನಿಮ್ಮಲ್ಲಿ ಸಾಕಷ್ಟು ಮಂದಿ ಇದ್ದೀರಿ. ವರ್ಷ ವರ್ಷ ಲೆಕ್ಕ ಸಲ್ಲಿಸುವ ಶಿಸ್ತಿನವರೊಬ್ಬರು ಖಜಾಂಚಿಯಾಗಲಿ. ಬಾಡಿಗೆ, ವಿದ್ಯುತ್ತು, ಬ್ಲೇಡು, ಬೆಲ್ಟು ಎಲ್ಲದರ ತಿಂಗಳ ಮೊತ್ತವನ್ನು 34ರಿಂದ ಭಾಗಿಸಿ ವಂತಿಗೆ ಗೊತ್ತು ಮಾಡಬೇಡಿ, 20ರಿಂದ ಭಾಗಿಸಿ. ತಪ್ಪದೆ ಕೊಡುವವರು ಎಲ್ಲ ಬಳಗಗಳಲ್ಲಿಯೂ ಪಟ್ಟಿಗಿಂತ ಕಡಿಮೆ ಇರುತ್ತಾರೆ. ವಿದ್ಯಾರ್ಥಿಗಳಿಗೆ, ನಿವೃತ್ತ ಬಡಗಿಗಳಿಗೆ ವಂತಿಗೆ ಬೇಡ. ಅವರು ತಮ್ಮ ಪಾಲನ್ನು ಕಸ ಗುಡಿಸಿಯೋ ಕಲಿಸಿಯೋ ಸಲ್ಲಿಸಬಹುದು.

ಕರಾರಿಗೆ ಸಹಿ ಮಾಡುವ ಮುನ್ನ ನಾಲ್ಕೈದು ಮಂದಿ ಆ ಶೆಡ್ಡಿಗೆ ಮಧ್ಯಾಹ್ನ ಎರಡು ಗಂಟೆಗೆ ಹೋಗಿ. ಸೀಮೆಸುಣ್ಣದಿಂದ ನೆಲದ ಮೇಲೆ ನಾಲ್ಕು ಲೇಥ್, ಸಾಣೆ, ಅಟ್ಟ ಎಲ್ಲವನ್ನೂ ಅಳತೆಗೆ ಸರಿಯಾಗಿ ಬರೆದು, ಒಬ್ಬೊಬ್ಬರು ಒಂದೊಂದು ಗೆರೆಯ ಮುಂದೆ ನಿಂತು ಕೈ ಚಾಚಿ ನೋಡಿ. ಒಬ್ಬರ ಕೈ ಇನ್ನೊಬ್ಬರಿಗೆ ತಾಗಿದರೆ ಗೆರೆ ಅಳಿಸಿ ಮತ್ತೆ ಬರೆಯಿರಿ. ಸಣ್ಣ ಲೇಥ್ ಒಂದನ್ನು ಜೊತೆಗೆ ಒಯ್ದು ಅಲ್ಲಿಯ ಸಾಕೆಟ್ಟಿಗೆ ಹಚ್ಚಿ, ಅರ್ಧ ತಾಸು ಬೇವಿನ ತುಂಡೊಂದನ್ನು ಕಡೆಯಿರಿ. ತಗಡಿನ ಕಾವು, ವೋಲ್ಟೇಜು, ಗಾಳಿಯ ದಿಕ್ಕು, ನೆರೆಯವರಿಗೆ ಕೇಳುವ ಸದ್ದು, ನಾಲ್ಕೂ ಆ ಅರ್ಧ ತಾಸಿನಲ್ಲಿ ತಿಳಿಯುತ್ತವೆ.